ಎಡ ಭುಜಕ್ಕೆ ಒಂದು ಕೋವಿ

ಕಲ್ಲುಮಂಟಿ,
ಹೆಗ್ಗಡದೇವನಕೋಟೆ ತಾಲ್ಲೂಕು
೬ನೇ ಜನವರಿ ೧೯೫೮

ಮಾನ್ಯ ಭಾವನವರಾದ ನಿಂಗಯ್ಯನವರಿಗೆ ಚೆಲುವರಾಜು ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ.

ತಾವು ದೇವರಾಜ ಮೊಹಲ್ಲಾದ ಬಂದೂಕಿನ ಅಂಗಡಿಯಲ್ಲಿ ರೈಟರ್ ಆಗಿದ್ದೀರೆಂದು ಕೋಟೆಯ ಸಂತೆಯಲ್ಲಿ ತಿಳಿಯಿತು. ಆ ಕಾರಣದಿಂದ ಮಾತ್ರ ಈ ಪತ್ರವನ್ನು ಅಂಗಡಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ತಪ್ಪು ತಿಳಿಯಬಾರದು.

ನಮ್ಮ ಹಾಡಿಯ ಪಕ್ಕದ ಕಾಡಿನಲ್ಲಿ ಒಂದು ಹುಲಿ ದನಗಳ ರುಚಿ ಕಂಡುಕೊಂಡಿದೆ. ದೀಪಾವಳಿಯಿಂದೀಚೆಗೆ ನನ್ನ ಎತ್ತಿನ ಜೋಡಿಯೂ ಹೋಯಿತು. ಹೋದ ತಿಂಗಳು ಪಕ್ಕದ ತೋಟದವರ ಬೋಲ್ಟ್ ರೈಫಲ್ ಎರವಲು ತಂದು ಅಟ್ಟಣೆ ಕಟ್ಟಿ ಕೂತೆ. ಸಂಜೆ ಹುಲಿ ಬಂತು. ಮೊದಲ ಗುಂಡು ತಾಗಲಿಲ್ಲ. ಎರಡನೆಯದು ಹೊರಡುವಷ್ಟರಲ್ಲಿ ಅಲ್ಲಿ ಹುಲಿ ಇರಲಿಲ್ಲ. ಇನ್ನೊಬ್ಬರ ಕೋವಿ ನಂಬಿ ಕೂರುವುದು ಸಾಕೆನಿಸಿ ಲೈಸೆನ್ಸಿಗೆ ಅರ್ಜಿ ಹಾಕಿದ್ದೇನೆ.

ತಮ್ಮ ಅಂಗಡಿಯಲ್ಲಿ ದೊಡ್ಡ ಗುಂಡಿನ ರೈಫಲ್ ಇದ್ದರೆ ತಿಳಿಸುವುದು. ಎರಡನೆಯ ಏಟು ಬೇಗ ಹೊರಡುವಂಥದ್ದಾಗಬೇಕು. ಹಳೆಯದಾದರೂ ಚಿಂತೆಯಿಲ್ಲ. ಉತ್ತರ ಅಂಗಡಿಯಿಂದಲೇ ಬಂದರೆ ಸಾಕು.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆಂದು ನಂಬಿದ್ದೇನೆ.

ಇತಿ ವಿಧೇಯ,
ಚೆಲುವರಾಜು


ಚಾಮರಾಜಪುರಂ, ಮೈಸೂರು
೧೫ನೇ ಜನವರಿ ೧೯೫೮

ಚೆಲುವ,

ಅಂಗಡಿಯಿಂದ ಉತ್ತರ ಬಂದರೆ ಸಾಕು ಎಂದು ಬರೆದಿದ್ದೀಯಲ್ಲ, ಸಾಲದು. ಅದಕ್ಕೇ ನಾನು ಬರೆಯುತ್ತಿದ್ದೇನೆ. ನಿನ್ನ ಭಾವ ಆ ಕಾಗದ ತಂದು, ಒಲೆಯ ಮುಂದೆ ಕೂತಿದ್ದ ನನ್ನ ಮಡಿಲಿಗೆ ಹಾಕಿ, "ತಗಳಮ್ಮಿ, ಹುಲಿ ನೆಪದಲ್ಲಿ ನಿನ್ ತಮ್ಮ ಬಾಯ್ ಬುಟ್ಟವ್ನೆ" ಎಂದರು. ಅಕ್ಷರ ನೋಡಿದ ಕೂಡಲೇ ಗೊತ್ತಾಯಿತು. ಈಗಲೂ ಎಡಕ್ಕೇ ವಾಲುತ್ತವೆ. ಸಾರು ಉಕ್ಕಿ ಒಲೆ ಆರಿಹೋಯಿತು, ನಾನು ಏಳಲಿಲ್ಲ.

ಉಭಯ ಕುಶಲೋಪರಿಯಂತೆ! ಉಭಯ ಎಂದರೆ ಯಾರು ಯಾರೋ? ನನ್ನ ಕುಶಲ ನಿನಗೆ ಯಾರು ಹೇಳಿದರು? ನಿನ್ನದು ನನಗೆ ಯಾರು ಹೇಳಿದರು? ಹತ್ತು ವರ್ಷದಿಂದ ಗೌರಿ ಹಬ್ಬಕ್ಕೆ ತಪ್ಪದೆ ಅರಿಶಿನ ಕುಂಕುಮದ ಮನಿಯಾರ್ಡರ್ ಕಳಿಸುತ್ತೀಯ. ಕೆಳಗಿನ ಕೂಪನ್ನಿನಲ್ಲಿ ನಾಲ್ಕು ಮಾತು ಬರೆಯಲಿ ಎಂದು ಸರ್ಕಾರವೇ ಜಾಗ ಬಿಟ್ಟಿದೆ. ಅದನ್ನು ಖಾಲಿ ಕಳಿಸುತ್ತೀಯ. ಪೋಸ್ಟಿನವನು ಹೋದ ಮೇಲೆ ಆ ಖಾಲಿ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿ ದೇವರ ಗೂಡಿನಲ್ಲಿಡುತ್ತೇನೆ. ಒಂದು ಕಟ್ಟೇ ಆಗಿದೆ. ನೋಡಿದವರು ಯಾವ ದೇವರ ಪ್ರಸಾದ ಎನ್ನುತ್ತಾರೆ.

ನಿನಗೆ ಮದುವೆ ಆಯಿತೇ? ಅಡುಗೆ ಯಾರು ಮಾಡುತ್ತಾರೆ? ಅಟ್ಟಣೆಯ ಮೇಲೆ ಒಬ್ಬನೇ ಕೂರುತ್ತೀಯಾ? ನನ್ನ ಮಗಳು ಭಾಗ್ಯನಿಗೆ ಏಳು ತುಂಬಿತು. ಕಿವಿ ಚುಚ್ಚುವಾಗ ಸೋದರಮಾವನ ತೊಡೆ ಬೇಕು, ಎಲ್ಲಿಂದ ತರಲಿ? ಪಕ್ಕದ ಬೀದಿಯ ಲಿಂಗಯ್ಯನವರನ್ನು ಕರೆದು ಕೂರಿಸಿದರು. ಪುಣ್ಯಾತ್ಮರು ಬಂದು ಕೂತರು, ಮಗು ಅವರ ಪಂಚೆ ಹಿಡಿದು ಅತ್ತಿತು. ನಾನು ಒಳಗೆ ಹೋಗಿ ಅತ್ತೆ.

ಕೋವಿಯ ವಿಷಯ: ಅಂಗಡಿಯ ಯಜಮಾನರು ಶೆಟ್ಟರು. ೩೭೫ ಬೋರಿನ ಬೋಲ್ಟ್ ರೈಫಲ್ ಒಂದಿದೆ, ಹೊಸದರಂತಿದೆ, ತೋಟಾ ಎಲ್ಲಿ ಬೇಕಾದರೂ ಸಿಗುತ್ತದೆ, ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಲಿ ಎಂದರಂತೆ. ಏನು ಹೇಳಲಿ?

ನಿನ್ನೆ ಎಳ್ಳು ಬೀರಿ ಮುಗಿಯಿತು. ಒಂದು ಹಿಡಿ ಪೊಟ್ಟಣ ಕಟ್ಟಿ ಲಕೋಟೆಗೆ ಹಾಕಿದ್ದೇನೆ. ತಿಂದು ಒಳ್ಳೆಯ ಮಾತಾಡು.

ನಿನ್ನ ಅಕ್ಕ,
ಚಾಮಿ


ಕಲ್ಲುಮಂಟಿ
೪ನೇ ಫೆಬ್ರವರಿ ೧೯೫೮

ಅಕ್ಕನಿಗೆ,

ಎಳ್ಳು ತಲುಪಿತು. ಇರುವೆಗಳು ಮೊದಲ ಪಂಕ್ತಿಯಲ್ಲಿ ಕೂತಿದ್ದವು. ಉಳಿದದ್ದು ನಾನು ತಿಂದೆ.

ಮದುವೆ ಆಗಿಲ್ಲ. ಅಡುಗೆ ನಾನೇ. ಮುದ್ದೆ ಗಂಟಾಗುತ್ತದೆ, ನುಂಗಿದರೆ ಒಳಗೆ ಎಲ್ಲ ಒಂದೇ. ಅಟ್ಟಣೆಯ ಮೇಲೆ ಬೀರಯ್ಯ ಎಂಬ ಹುಡುಗಾಟದ ಮುದುಕ ಜೊತೆಗಿರುತ್ತಾನೆ, ಕೆಮ್ಮುತ್ತಾನೆ.

ಬೋಲ್ಟ್ ಬೇಡ. ನಾನು ಕೋವಿಯನ್ನು ಎಡ ಭುಜಕ್ಕೆ ಕೊಡುವವನು. ಬೋಲ್ಟಿನ ಹಿಡಿ ಇರುವುದು ಬಲಗಡೆಗೆ. ಒಂದು ಗುಂಡು ಹಾರಿಸಿದ ಮೇಲೆ ಕೋವಿಯನ್ನು ಭುಜದಿಂದ ಇಳಿಸಿ, ಎಡಗೈಯನ್ನು ಮೇಲಿನಿಂದ ಆಚೆ ದಾಟಿಸಿ, ಬೋಲ್ಟ್ ಎತ್ತಿ ಎಳೆದು ತಳ್ಳಬೇಕು. ಅಷ್ಟರಲ್ಲಿ ಹುಲಿ ಕೇರಳ ಸೇರಿರುತ್ತದೆ, ಇಲ್ಲವೇ ನನ್ನ ಮೇಲಿರುತ್ತದೆ. ಬಲ ಭುಜಕ್ಕೆ ಕೊಟ್ಟು ಅಭ್ಯಾಸ ಮಾಡಿ ನೋಡಿದೆ. ಮರಕ್ಕೆ ಹೊಡೆದರೆ ಮರವೂ ತಪ್ಪುತ್ತದೆ.

ನಾನು ಎಡಚ ಎನ್ನುವುದನ್ನು ನೀನು ಮರೆತಿರಬಹುದು.

ಲಿವರ್ ರೈಫಲ್ ಎಂದು ಇದೆಯಂತೆ, ತೋಟದವರು ಹೇಳಿದರು. ಶೆಟ್ಟರನ್ನು ಕೇಳಿಸು.

ಭಾಗ್ಯನಿಗೆ ಈಗ ಕಿವಿ ನೋಯುವುದಿಲ್ಲ ತಾನೆ?

ಚೆಲುವರಾಜು


ಚಾಮರಾಜಪುರಂ, ಮೈಸೂರು
೨ನೇ ಮಾರ್ಚ್ ೧೯೫೮

ಚೆಲುವ,

ಮರೆತಿರಬಹುದಂತೆ! ನಿನ್ನ ಬಾಯಿಗೆ ಬೂದಿ ಹಾಕ. ಕೋಪದಲ್ಲಿ ಎರಡು ವಾರ ಕಾಗದ ಮುಟ್ಟಲಿಲ್ಲ.

ನನ್ನ ಮದುವೆಯ ದಿನ ಛತ್ರದಲ್ಲಿ ಅಪ್ಪನ ಜಾಗದಲ್ಲಿ ನಿಂತು ಬೀಗಿತ್ತಿಗೆ ವೀಳ್ಯ ಕೊಡಬೇಕಾದವನು ನೀನು. ಅಪ್ಪ ಹೋಗಿ ವರ್ಷ ತುಂಬಿರಲಿಲ್ಲ, ಅವ್ವನ ಮುಖವೇ ನಿನಗೆ ನೆನಪಿಲ್ಲ. ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ. ಬಲಗೈ ಕಣೋ, ಬಲಗೈ ಎಂದು ಬೆಳಗಿನಿಂದ ನಾನೇ ಗಿಳಿಪಾಠ ಮಾಡಿಸಿದ್ದೆ. ಜನ ನೋಡಿ ನೀನು ಗಾಬರಿಬಿದ್ದೆ, ಎಡಗೈ ಮುಂದೆ ಬಂದುಬಿಟ್ಟಿತು. ಅತ್ತೆ ಕೈ ಹಿಂದಕ್ಕೆ ಎಳೆದುಕೊಂಡರು. ಎಲೆ ಅಡಿಕೆ ನೆಲದ ಮೇಲೆ ಬಿತ್ತು. "ಎಡಗೈಲಿ ಕೊಟ್ಟಿದ್ನ ನಮ್ಮನೇಲಿ ನಾಯೂ ಮುಟ್ಟಾಕಿಲ್ಲ" ಎಂದರು. ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ನೀನು ಬಗ್ಗಿ ಒಂದೊಂದೇ ಎಲೆ ಆರಿಸಿಕೊಂಡು ತಟ್ಟೆಯಲ್ಲಿಟ್ಟು, ನನ್ನ ಕಡೆ ಒಂದು ಸಲ ನೋಡಿ, ಊಟಕ್ಕೂ ಕೂರದೆ ಹೋದೆ. ನನ್ನ ಸೆರಗಿಗೆ ಗಂಟು ಹಾಕಿದ್ದರು, ಎದ್ದು ಹಿಂದೆ ಓಡಿಬರುವ ಹಾಗಿರಲಿಲ್ಲ. ಇದನ್ನು ಮರೆಯುತ್ತೇನೆಯೇ?

ಅತ್ತೆ ಕೆಟ್ಟವರಲ್ಲ, ಬಾಯಿ ಹರಕು. ಭಾಗ್ಯನಿಗೆ ಟೈಫಾಯ್ಡ್ ಬಂದಾಗ ಮಗುವನ್ನು ನೆಲಕ್ಕೆ ಬಿಟ್ಟವರಲ್ಲ. ಆದರೆ ಒಂದು ಮಾತು ಹಿಡಿದರೆ ಹಿಡಿದದ್ದೇ. ನಾನು ನಿನ್ನ ಊರಿಗೆ ಬರುತ್ತೇನೆಂದರೆ, "ತವರಿನೋರು ಬಂದು ಕರೀಲಿ, ಕಳಿಸ್ತೀನಿ. ಕರೀದೆ ಓಗಾಕೆ ನೀನೇನ್ ತಬ್ಬಲಿಯಾ?" ಎನ್ನುತ್ತಾರೆ. ಕರೆಯಬೇಕಾದವನು ಈ ಹೊಸ್ತಿಲು ತುಳಿಯುವುದಿಲ್ಲ. ನಡುವೆ ನಾನು ಹೀಗೇ ಕೂತಿದ್ದೇನೆ.

ಇರಲಿ. ನಿನ್ನೆ ನಿನ್ನ ಭಾವನಿಗೆ ಬುತ್ತಿ ಕೊಡುವ ನೆವದಲ್ಲಿ ನಾನೇ ಅಂಗಡಿಗೆ ಹೋದೆ. "ಎಡಚರಿಗೆ ಏನು ಇಟ್ಟಿದ್ದೀರಿ?" ಎಂದು ಕೇಳಿದೆ. ಶೆಟ್ಟರಿಗೆ ನಗು. "ಕೋವಿ ಕೇಳಾಕೆ ಎಂಗಸ್ರು ಬಂದಿದ್ದು ನೀವೇ ಮೊದ್ಲು ಕಣಮ್ಮ" ಎಂದು ಒಳಗಿನಿಂದ ಎರಡು ಲಿವರ್ ರೈಫಲ್ ತರಿಸಿದರು. ಎರಡಕ್ಕೂ ಕುದುರೆಯ, ಅಂದರೆ ಗುಂಡು ಹಾರಿಸಲು ಎಳೆಯುವ ಕೊಕ್ಕೆಯ, ಸುತ್ತ ಕಬ್ಬಿಣದ ಬಳೆಯಂಥದ್ದು ಇದೆ. ಬೆರಳು ತೂರಿಸಿ ಅದನ್ನು ಕೆಳಕ್ಕೆ ಒತ್ತಿ ಮೇಲಕ್ಕೆ ಎಳೆದರೆ ಖಾಲಿ ತೋಟಾ ಹಾರಿ ಹೊಸದು ಒಳಗೆ ಕೂರುತ್ತದೆ. ಕೋವಿ ಭುಜದಿಂದ ಇಳಿಯುವುದೇ ಬೇಡ.

ಒಂದು ಬಹಳ ಹಳೆಯದು. ನಳಿಗೆಯ ಕೆಳಗೆ ಇನ್ನೊಂದು ಕೊಳವೆ, ಅದರಲ್ಲಿ ತೋಟಾಗಳು ಸಾಲಾಗಿ ಮಲಗುತ್ತವೆ. ಇನ್ನೊಂದು ನಾನೂರೈದು ಬೋರಿನ ವಿಂಚೆಸ್ಟರ್. ಕೊಡಗಿನ ಕಾಫಿ ತೋಟದ ಬಿಳಿ ದೊರೆ ಯಾರೋ ಸೀಮೆಗೆ ಹೋಗುವಾಗ ಮಾರಿದ್ದಂತೆ. ಅದಕ್ಕೆ ತೋಟಾ ಕೂರಲು ಹೊಟ್ಟೆಯ ಕೆಳಗೆ ಒಂದು ಪೆಟ್ಟಿಗೆ ಇದೆ. ಗುಂಡು ಹಾರಿದಾಗ ಹಳೆಯದು ಭುಜಕ್ಕೆ ಮೆತ್ತಗೆ ಒದೆಯುತ್ತದೆ. ಇದು ಒದ್ದರೆ ಕತ್ತೆ ಒದ್ದ ಹಾಗೆ ಎಂದರು. ಜೊತೆಗೆ ಇದರ ತೋಟಾ ಸಿಗುವುದು ಕಷ್ಟ, ಅಂಗಡಿಯಲ್ಲಿರುವುದೇ ಎರಡು ಪೆಟ್ಟಿಗೆ.

ಯಾವುದು ಹೇಳು. ನಿಧಾನವಾಗಿ ಯೋಚಿಸಿ ಬರೆ, ಉದ್ದವಾಗಿ ಬರೆ. ಮತ್ತೆ ಶೆಟ್ಟರು ನಿನ್ನ ಕೈ ಅಳತೆ ಕೇಳಿದರು. ಅಂಗಿ ಹೊಲಿದ ಅಳತೆ ನನ್ನ ಬಾಯಲ್ಲೇ ಇತ್ತು, ಹೇಳಲು ಹೋಗಿ ಸುಮ್ಮನಾದೆ. ಅದು ಹುಡುಗನ ಕೈ.

ಚಾಮಿ


ಕಲ್ಲುಮಂಟಿ
೨೬ನೇ ಮಾರ್ಚ್ ೧೯೫೮

ಅಕ್ಕ,

ಲಕೋಟೆಯಲ್ಲಿ ಒಂದು ದಾರ ಇಟ್ಟಿದ್ದೇನೆ. ಮಡಚಿದ ಎಡ ಮೊಣಕೈಯ ಸಂದಿನಿಂದ ತೋರುಬೆರಳಿನ ನಡುಗೆಣ್ಣಿನವರೆಗೆ. ಎರಡು ತುದಿಗೂ ಗಂಟು ಹಾಕಿದ್ದೇನೆ. ಶೆಟ್ಟರಿಗೆ ಕೊಡು, ಗಂಟಿನಿಂದ ಗಂಟಿಗೆ ಲೆಕ್ಕ.

ನೀನು ಎರಡನ್ನೂ ನೋಡಿದ್ದೀಯ, ಒಂದು ಮಾತು ಹೇಳಲಿಲ್ಲ. ತೋಟಾ ತುಂಬುವ ಬಾಯಿ ಯಾವ ಕಡೆಗಿದೆ? ಹಳೆಯ ಕೊಳವೆಯ ಕೋವಿಗಳಿಗೆ ಅದು ಬಲ ಪಕ್ಕೆಯಲ್ಲಿರುತ್ತದೆ ಎಂದು ತೋಟದವರು ಹೇಳುತ್ತಾರೆ. ಹಾಗಿದ್ದರೆ ಮತ್ತೆ ಅದೇ ಪಾಡು. ವಿಂಚೆಸ್ಟರಿನದು ಎಲ್ಲಿ? ಹೋಗಿ ನೋಡಿ ಬರೆ. ಭಾವನನ್ನು ಕೇಳಬೇಡ, ನೀನೇ ಹೋಗು. ಎತ್ತಿ ನೋಡು. ಮೂಗಿಗೆ ಭಾರವೋ ಹಿಂದಕ್ಕೆ ಭಾರವೋ ಹೇಳು. ಬಳೆ ಒತ್ತುವಾಗ ಎಲ್ಲಿಯಾದರೂ ತಡೆಯುತ್ತದೆಯೇ ನೋಡು.

ಒದೆತದ ಭಯ ನನಗಿಲ್ಲ. ತೋಟಾ ಎರಡೇ ಪೆಟ್ಟಿಗೆ ಎಂದರೆ ಎರಡು ಪೆಟ್ಟಿಗೆ. ನನ್ನ ಜೀವಮಾನಕ್ಕೆ ಅದು ಬೇಕಾದಷ್ಟಾಯಿತು.

ಅಪ್ಪನ ಕೇಪಿನ ಕೋವಿ ನೆನಪಿದೆಯಾ? ಅಪ್ಪ ಸಂತೆಗೆ ಹೋದಾಗ ಕದ್ದು ತೆಗೆದು ಎಡ ಭುಜಕ್ಕೆ ಕೊಟ್ಟು ಹಾರಿಸಿದ್ದೆ. ಕೇಪಿನ ಕಿಡಿ ಬಲಕ್ಕೆ ಸಿಡಿದು, ಮುಂದೆ ಹಿಡಿದಿದ್ದ ಬಲ ಮುಂಗೈ ಸುಟ್ಟಿತು. ನೀನು ಬೆಣ್ಣೆ ಹಚ್ಚಿ, ಒಲೆಯ ಕೆಂಡ ತಾಗಿತು ಎಂದು ಅಪ್ಪನಿಗೆ ಹೇಳಿದೆ. ಕಲೆ ಇನ್ನೂ ಇದೆ. ಮೊನ್ನೆ ಯುಗಾದಿಯ ದಿನ ಎಣ್ಣೆ ಹಚ್ಚಿಕೊಳ್ಳುವಾಗ ಕಂಡಿತು. ಆ ಬೆಣ್ಣೆಗೆ ಉಪ್ಪು ಹಾಕಿತ್ತು ಕಣಕ್ಕ. ಉರಿದು ಪ್ರಾಣ ಹೋಯಿತು. ನೀನು ಬೇಜಾರು ಮಾಡಿಕೊಳ್ಳುತ್ತೀಯೆಂದು ಹೇಳಿರಲಿಲ್ಲ.

ನಿನ್ನ ತಮ್ಮ,
ಚೆಲುವ


ಚಾಮರಾಜಪುರಂ, ಮೈಸೂರು
೨೦ನೇ ಏಪ್ರಿಲ್ ೧೯೫೮

ಚೆಲುವ, ನನ್ನಪ್ಪ,

"ನಿನ್ನ ತಮ್ಮ" ಎಂದು ಬರೆದಿದ್ದೀಯ. ಅದನ್ನು ಎಷ್ಟು ಸಲ ಓದಿದೆನೋ ಆ ಚಾಮುಂಡಿಗೇ ಗೊತ್ತು. ಉಪ್ಪಿನ ಬೆಣ್ಣೆಯ ವಿಷಯ ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಯಾಕೆ ಎಂದು ಭಾಗ್ಯ ಕೇಳಿದಳು. ಹೇಳಿದೆ. ಅವಳಿಗೆ ಈಗ ನೀನು ಉಪ್ಪು ಬೆಣ್ಣೆ ಮಾವ.

ಅಂಗಡಿಗೆ ಹೋಗಿದ್ದೆ. ದಾರವನ್ನು ಮೊದಲು ನನ್ನ ಕೈಗೆ ಹಿಡಿದು ನೋಡಿಕೊಂಡೆ. ಇಷ್ಟು ಬೆಳೆದಿದ್ದೀಯೇನೋ? ನನ್ನ ಲೆಕ್ಕದಲ್ಲಿ ನೀನಿನ್ನೂ ನಾನು ಹೊಲಿದ ಆ ಮದುವೆ ಅಂಗಿಯೊಳಗೇ ಇದ್ದೆ, ಉದ್ದ ತೋಳು ಮಡಚಿಕೊಂಡು. ಬೆಳೆದದ್ದನ್ನು ನಾನು ನೋಡಲಿಲ್ಲ. ದಾರದಲ್ಲಿ ನೋಡುವ ಹಾಗಾಯಿತಲ್ಲ.

ನೀನು ಹೇಳಿದ್ದು ಸರಿ. ಹಳೆಯದಕ್ಕೆ ತೋಟಾ ತುಂಬುವ ಬಾಯಿ ಬಲ ಪಕ್ಕೆಗೆ. ವಿಂಚೆಸ್ಟರ್ ಹಾಗಲ್ಲ. ಬಳೆ ಕೆಳಕ್ಕೆ ಒತ್ತಿದರೆ ಮೇಲುಗಡೆ ಬಾಯಿ ತೆರೆಯುತ್ತದೆ. ಮೇಲಿನಿಂದ ತುಂಬುವುದು, ಖಾಲಿಯದು ಮೇಲಕ್ಕೇ ಹಾರುವುದು. ಬಳೆ ಸರಿಯಾಗಿ ನಡುಮಧ್ಯ. ಅದಕ್ಕೆ ಎಡವೂ ಇಲ್ಲ, ಬಲವೂ ಇಲ್ಲ, ಯಾರು ಎತ್ತಿದರೆ ಅವರದ್ದು. ಇಂಥದ್ದೊಂದು ವಸ್ತು ಲೋಕದಲ್ಲಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಸೆರಗು ಸಿಕ್ಕಿಸಿ ಎಡ ಭುಜಕ್ಕೆ ಕೊಟ್ಟು ನಿಂತೆ. ಮೂಗಿಗೆ ಸ್ವಲ್ಪ ಭಾರ. ಬಳೆ ಒತ್ತುವಾಗ ಎಲ್ಲೂ ತಡೆಯಲಿಲ್ಲ, ಕಡೆಯಲ್ಲಿ ಕಟಕ್ ಎಂದು ಕೂತಿತು. ಬೀದಿಯಲ್ಲಿ ಜನ ನಿಂತುಬಿಟ್ಟರು. ನಿನ್ನ ಭಾವ ಮೇಜಿನ ಕೆಳಗೆ ಬಗ್ಗಿ ಪೆನ್ನು ಹುಡುಕುತ್ತಿದ್ದರು, ಕೈಯಲ್ಲೇ ಇತ್ತು.

ಅದನ್ನೇ ಇರಿಸಲು ಹೇಳಿದೆ. ಭುಜಕ್ಕೆ ಕೊಡುವ ಮರ ನಿನ್ನ ದಾರಕ್ಕಿಂತ ಗಿಡ್ಡ. ಬಡಗಿ ತುದಿಗೆ ಒಂದು ತುಂಡು ಕೂಡಿಸುತ್ತಾನಂತೆ. ದಾರವನ್ನು ಅವನಿಗೆ ಕೊಡಲಿಲ್ಲ. ಬೇರೆ ದಾರ ಅಳೆದು ಕೊಟ್ಟೆ. ಇದು ನನ್ನ ಹತ್ತಿರ ಇರುತ್ತದೆ.

ಈಗ ಮುಖ್ಯ ವಿಷಯ ಕೇಳು. ಕೋವಿಯನ್ನು ಬೇರೆಯವರ ಕೈಯಲ್ಲಿ ಕಳಿಸುವ ಹಾಗಿಲ್ಲ. ಲೈಸೆನ್ಸ್ ಯಾರ ಹೆಸರಿಗೋ ಅವರೇ ಬಂದು ರುಜು ಹಾಕಿ ಒಯ್ಯಬೇಕು, ಅದು ಕಾನೂನು. ಕಾನೂನು ಮಾಡಿದವನಿಗೆ ಹೊಟ್ಟೆ ತಣ್ಣಗಿರಲಿ. ನೀನು ಮೈಸೂರಿಗೆ ಬರಲೇಬೇಕು. ಬಂದರೆ ಅಂಗಡಿಯಿಂದ ಚಾಮರಾಜಪುರಂ ಎಷ್ಟು ದೂರ? ಮಾಂಸ ಒಣಗಿಸಿಟ್ಟಿದ್ದೇನೆ, ಕೊರಬಾಡಿನ ಸಾರು ಮಾಡುತ್ತೇನೆ. ಗಂಟಿಲ್ಲದ ಮುದ್ದೆ ಹೇಗಿರುತ್ತದೆಂದು ನೋಡುವೆಯಂತೆ.

ಅತ್ತೆಗೆ ಹೇಳಿದೆ. ಅವರಿಗೆ ಕಣ್ಣಿಗೆ ಪೊರೆ ಬಂದಿದೆ, ಹಗಲೆಲ್ಲ ಜಗುಲಿಯಲ್ಲೇ ಕೂತಿರುತ್ತಾರೆ. ನಾನು ಹೇಳಿ ಮುಗಿಸಿದರೂ ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದರು.

ಹುಲಿ ಏನಾಯಿತು? ಎರಡು ಕಾಗದದಿಂದ ಅದರ ಸುದ್ದಿಯೇ ಇಲ್ಲ. ಕೋವಿ ಬರುವವರೆಗೆ ಅಟ್ಟಣೆ ಹತ್ತಬೇಡ, ನನ್ನಾಣೆ.

ಚಾಮಿ


(ಪೋಸ್ಟ್ ಕಾರ್ಡ್)
ಕಲ್ಲುಮಂಟಿ
೩ನೇ ಜುಲೈ ೧೯೫೮

ಅಕ್ಕ, ಲೈಸೆನ್ಸ್ ಬಂತು. ಬರುವ ವಾರ ಮೈಸೂರಿಗೆ ಬರುತ್ತೇನೆ. ಹೊಳೆ ತುಂಬಿದೆ, ದೋಣಿ ಬಿಟ್ಟ ದಿನ ಹೊರಡುವುದು. ಇಂಥ ದಿನ ಎಂದು ಹೇಳಲಾರೆ. ಸಾರಿಗೆ ಖಾರ ಜಾಸ್ತಿ ಹಾಕು. – ಚೆಲುವ


ಚಾಮರಾಜಪುರಂ, ಮೈಸೂರು
೨೪ನೇ ಜುಲೈ ೧೯೫೮

ಚೆಲುವರಾಜು,

ಬಂದೆ. ಕೋವಿ ತೆಗೆದುಕೊಂಡೆ. ಹೋದೆ.

ನಿನ್ನ ಭಾವ ಸಂಜೆ ಒಬ್ಬರೇ ಬಂದು, ಚಪ್ಪಲಿ ಬಿಡುತ್ತ, "ಬಂದಿಲ್ವಾ? ಮಧ್ಯಾಹ್ನವೇ ಮನೆ ಕಡೆ ಓಯ್ತೀನಿ ಅಂದ್ನಲ್ಲ" ಎಂದರು. ಕೋವಿಯನ್ನು ಎಡ ಭುಜಕ್ಕೆ ಕೊಟ್ಟೆಯಂತೆ. ಬಳೆ ಒತ್ತಿ ಎಳೆದು, ಕಣ್ಣು ಮುಚ್ಚಿ ಇನ್ನೊಂದು ಸಲ ಒತ್ತಿ ಎಳೆದು ನಕ್ಕೆಯಂತೆ. ನಕ್ಕರೆ ಥೇಟ್ ನನ್ನ ಹಾಗೇ ಕಾಣುತ್ತೀಯೆಂದು ಶೆಟ್ಟರು ಹೇಳಿದರಂತೆ. ಆ ನಗು ಶೆಟ್ಟರು ನೋಡಬಹುದು, ಬಡಗಿ ನೋಡಬಹುದು, ಬೀದಿಯಲ್ಲಿ ಹೋಗುವವರೆಲ್ಲ ನೋಡಬಹುದು.

ದಿನಾ ಎರಡು ಹೊತ್ತು ನಿನಗೂ ಸೇರಿಸಿ ಅಕ್ಕಿ ಹಾಕುತ್ತಿದ್ದೆ. ಆ ಸಂಜೆ ಸಾರನ್ನು ನಾನೇ ಹಿತ್ತಲಿಗೆ ಚೆಲ್ಲಿದೆ. ಭಾಗ್ಯ ತಟ್ಟೆಯ ಮುಂದೆ ಕೂತು, ಉಪ್ಪು ಬೆಣ್ಣೆ ಮಾವ ನಾಳೆ ಬರ್ತಾರಾ ಎಂದಳು. ಬೆನ್ನಿಗೆ ಒಂದು ಗುದ್ದಿದೆ. ಆಮೇಲೆ ಇಬ್ಬರೂ ಅತ್ತೆವು.

ಕೋವಿ ಸಿಕ್ಕಿತು, ಇನ್ನು ನಿನಗೆ ನನ್ನಿಂದ ಆಗಬೇಕಾದ್ದು ಏನೂ ಇಲ್ಲ. ಹಬ್ಬಕ್ಕೆ ಮನಿಯಾರ್ಡರ್ ಕಳಿಸು, ಕೂಪನ್ ಖಾಲಿ ಇರಲಿ. ನನಗೆ ಅಭ್ಯಾಸವಾಗಿದೆ.

ಚಾಮುಂಡೇಶ್ವರಿ


ಕಲ್ಲುಮಂಟಿ
೧೧ನೇ ಆಗಸ್ಟ್ ೧೯೫೮

ಅಕ್ಕ,

ಬಂದಿದ್ದೆ. ನಿನ್ನ ಮನೆಯ ಬಾಗಿಲವರೆಗೆ ಬಂದಿದ್ದೆ.

ಜಗುಲಿಯಲ್ಲಿ ಅವರು ಕೂತಿದ್ದರು. ಕೋವಿಗೆ ಗೋಣಿ ಸುತ್ತಿತ್ತು, ಅದನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತೆ. ಹೆಸರು ಹೇಳಬೇಕೆಂದುಕೊಂಡೆ, ಬಾಯಿಂದ ಬಂದದ್ದು "ಒಸಿ ನೀರು ಕೊಡಿ ಅವ್ವಾ" ಎಂದು. ಪಕ್ಕದಲ್ಲಿದ್ದ ಚೊಂಬಿನಿಂದ ಬಗ್ಗಿಸಿ ಕೊಟ್ಟರು. ಗುರುತು ಸಿಗಲಿಲ್ಲ ಅವರಿಗೆ. ಕುಡಿದು ಲೋಟ ಕೊಟ್ಟೆ. ಯಾರು, ಏನು ಎಂದು ಒಂದು ಮಾತು ಕೇಳಿದ್ದರೂ ಹೇಳಿಬಿಡುತ್ತಿದ್ದೆ. ಕೇಳಲಿಲ್ಲ.

ಒಳಗೆ ನೀನು ಒಗ್ಗರಣೆ ಹಾಕುತ್ತಿದ್ದೆ. ಮೆಣಸಿನಕಾಯಿ ಘಾಟಿಗೆ ನೀನು ಕೆಮ್ಮಿದೆ. ಅಪ್ಪ ಬೈಯುತ್ತಿದ್ದರಲ್ಲ, ಕೆಮ್ಮುವಾಗ ಬಾಯಿಗೆ ಸೆರಗು ಹಿಡಿ ಎಂದು, ಹಾಗೆಯೇ ಸೆರಗು ಹಿಡಿದು ಕೆಮ್ಮಿದ್ದು ಕೇಳಿಸಿತು. ಹತ್ತು ಹೆಜ್ಜೆ ಇಟ್ಟಿದ್ದರೆ ಒಳಗಿರುತ್ತಿದ್ದೆ. ಕಾಲು ಬರಲಿಲ್ಲ ಕಣಕ್ಕ. ನೆಲದ ಮೇಲೆ ಬಿದ್ದ ಎಲೆ ಆರಿಸುತ್ತಿರುವ ಹಾಗೇ ಆಯಿತು. ಆ ಕೆಮ್ಮು ಕೇಳಿತಲ್ಲ, ಇಷ್ಟು ಸಾಕು ಎಂದುಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಸಾಕಾಗಲಿಲ್ಲ. ಬಸ್ಸು ಮೈಸೂರು ದಾಟುವಾಗಲೇ ಗೊತ್ತಾಯಿತು.

ನೀನು ಹುಲಿಯ ಸುದ್ದಿ ಕೇಳಿದ್ದೆ. ಅದು ಯುಗಾದಿಗೆ ಮೊದಲೇ ಸತ್ತುಹೋಯಿತು. ಹೊಳೆಯಾಚೆ ಯಾರೋ ಹೊಡೆದರು. ನಿನಗೆ ಬರೆಯಲಿಲ್ಲ. ಬರೆದಿದ್ದರೆ ಕೋವಿಯ ಮಾತು ನಿಂತುಹೋಗುತ್ತಿತ್ತು. ತೋಟಾದ ಬಾಯಿ ಎಡಕ್ಕೋ ಬಲಕ್ಕೋ, ಮೂಗು ಭಾರವೋ ಎಂದು ಕೇಳಿದರೆ ನೀನು ಹೋಗಿ ನೋಡಿ ಬರೆಯುತ್ತಿದ್ದೆ. ಬೇರೆ ಏನು ಕೇಳಬೇಕೋ ನನಗೆ ಗೊತ್ತಾಗಲಿಲ್ಲ.

ಈಗ ನಾನೂರೈದು ಗೋಡೆಗೆ ಒರಗಿದೆ. ಹಂದಿ ಓಡಿಸಲು ಇಷ್ಟು ದೊಡ್ಡ ಕೋವಿ ತಂದವನು ಈ ತಾಲ್ಲೂಕಿನಲ್ಲಿ ನಾನೊಬ್ಬನೇ ಎಂದು ಬೀರಯ್ಯ ನಗುತ್ತಾನೆ. ಸಂಜೆ ಎಡ ಭುಜಕ್ಕೆ ಕೊಟ್ಟು ನೋಡುತ್ತೇನೆ. ಸರಿಯಾಗಿ ಕೂರುತ್ತದೆ. ನೀನು ಅಳೆದದ್ದು ಎಲ್ಲಿ ತಪ್ಪುತ್ತದೆ?

ಭಾಗ್ಯನಿಗೆ ಹೊಡೆಯಬೇಡ.

ಚೆಲುವ


ಚಾಮರಾಜಪುರಂ, ಮೈಸೂರು
೫ನೇ ಸೆಪ್ಟೆಂಬರ್ ೧೯೫೮

ಚೆಲುವರಾಜುಗೆ ನಿಮ್ಮಕ್ಕನ ಅತ್ತೆ ಕೆಂಚಮ್ಮ ಹೇಳಿ ಬರೆಸೋದು.

ಏನಪ್ಪಾ, ಎಂಗಿದೀಯ? ನಿನ್ ಕಾಗ್ದ ಓದಿ ನಿಮ್ಮಕ್ಕ ಒಲೆ ಮುಂದೆ ಕೂತ್ಕಂಡು ಗೊಳೋ ಅಂತ ಅಳ್ತಿದ್ಲು. ಯಾಕಮ್ಮಿ ಅಂದೆ. ಓದಿ ಹೇಳುದ್ಲು. ನಂಗೆ ಗುರ್ತು ಸಿಗ್ನಿಲ್ಲ ಅಂತ ಬರ್ದಿದೀಯ. ಯಾರ್ಲಾ ನಿಂಗೆ ಹೇಳಿದ್ದು?

ನನ್ ಕಣ್ಗೆ ಪೊರೆ ಬಂದದೆ, ದಿಟ. ಮನ್ಸರು ಮೋಡ ಕಂಡಂಗೆ ಕಾಣ್ತಾರೆ. ಆದ್ರೆ ಲೋಟ ಈಸ್ಕಂಡ ಕೈ ಯಾವ್ದು ಅಂತ ಕಾಣ್ತು. ಇವ್ನೇ ಅಂದ್ಕಂಡೆ.  ಹೆಸ್ರು ಹಿಡ್ದು ಕೂಗುದ್ರೆ ಅವತ್ನಂಗೆ ಓಡೋಯ್ತೀಯ ಅಂತ ಉಸ್ರು ಬುಡ್ದೆ ಕೂತ್ಕಂಡೆ. ನೀರು ಕುಡೀಲಿ, ಕುಡುದ್ಮೇಲೆ ತಾನೇ ಹೇಳ್ತಾನೆ ಅಂತ. ಲೋಟ ವಾಪಸ್ ಕೊಡ್ವಾಗ ಏನ್ ಮಾಡ್ದೆ ನೀನು? ಆ ಗೋಣಿ ಗಂಟ್ನ ಈ ಕಂಕ್ಳಿಂದ ಆ ಕಂಕ್ಳಿಗೆ ಹಾಕ್ಕಂಡು, ಲೋಟನ ಬಲಗೈಗೆ ಬದ್ಲಾಯಿಸ್ಕಂಡು ಕೊಟ್ಟೆ. ಲೋಟ ವಾಲ್ತು. ಮಿಕ್ಕಿದ್ ನೀರೆಲ್ಲ ನನ್ ಸೀರೆ ಮೇಲೆ ಚೆಲ್ಬುಟ್ಟೆ. ನಾನು ತಲೆ ಎತ್ತೋ ಹೊತ್ಗೆ ನೀನಿಲ್ಲ.

ಹುಲಿ ಹೊಡಿಯಾಕೆ ಕೂರೋನು ಒಂದು ಮುದುಕಿಗೆ ಹೆದ್ರಿ ಕೈ ಬದ್ಲಾಯಿಸ್ತಾನೆ ಅಂದ್ರೆ ಏನ್ ಹೇಳ್ಲಿ? ಅವತ್ತು ರಾತ್ರಿ ನಂಗೆ ಅನ್ನ ಸೇರ್ನಿಲ್ಲ. ನಿಮ್ಮಕ್ಕನಿಗೂ ಹೇಳ್ನಿಲ್ಲ. ಸೀರೆ ಯಾಕೆ ನೆಂದದೆ ಅಂದ್ಲು, ಚೊಂಬು ಉಳ್ಳೋಯ್ತು ಅಂದೆ.

ಈ ಸಲ ಅಧಿಕ ಮಾಸ ಬಂದು ಹಬ್ಬ ಮುಂದಕ್ಕೆ ಓಗದೆ. ಒಳ್ಳೇದೇ ಆಯ್ತು, ನಿಂಗೆ ಹೊರಡಾಕೆ ಟೈಮದೆ. ಮನಿಯಾರ್ಡರ್ ಕಳಿಸ್ಬ್ಯಾಡ. ಕಳಿಸಿದ್ರೆ ಪೋಸ್ಟ್‌ನವ್ನ ಬೀದಿಯಿಂದ್ಲೇ ಓಡಿಸ್ತೀನಿ. ಗೌರಿ ಬಾಗ್ನ ತಕ್ಕಂಡು ನೀನೇ ಬಾ. ಎಲೆ ಅಡಿಕೆನೂ ತಾ, ನಂಜನಗೂಡಿನ ಕಡೆ ಎಲೆ ಬ್ಯಾಡ, ಮೈಸೂರು ಚಿಗ್ರೆಲೆ ತಾ, ಹಲ್ಲಿಲ್ಲ ನಂಗೆ. ಯಾವ ಕೈ ಸಲೀಸೋ ಆ ಕೈಲಿ ಕೊಡು. ಬಲಗೈಲಿ ಕೊಟ್ಟು ಇನ್ನೊಂದ್ ಸೀರೆ ಹಾಳ್ ಮಾಡ್ಬ್ಯಾಡ. ಹಬ್ಬ ಆದ್ಮೇಲೆ ನಿಮ್ಮಕ್ಕನ್ನೂ ಮೊಗಾನೂ ಎಂಟ್ ದಿನ ಕರ್ಕಂಡೋಗು. ಎಂಟೇ ದಿನ. ಆಮೇಲೆ ನಂಗೆ ಮುದ್ದೆ ತಿರುವೋರು ಯಾರು?

ಕೋವಿ ಮನೇಲೇ ಬುಟ್ಟು ಬಾ. ಮೊಗ ಹೆದ್ರ್ಕತದೆ.

ಅಕ್ಕ ಬರೆಯುವುದು: ಮೇಲಿನದೆಲ್ಲ ಅತ್ತೆ ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ, ನಾನಾಗಿ ಒಂದು ಮಾತೂ ಸೇರಿಸಿಲ್ಲ. ಕಡೆಯಲ್ಲಿ ಹೆಬ್ಬೆಟ್ಟು ಒತ್ತಿಸಲು ನಿನ್ನ ಭಾವನ ಮಸಿ ಪ್ಯಾಡು ತಂದು ಮುಂದಿಟ್ಟೆ. ಅತ್ತೆ ಬಲಗೈ ಚಾಚಿದರು. ಬೆರಳು ಮಸಿಗೆ ತಾಗುವ ಮೊದಲೇ ಆ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಆಮೇಲೆ ಇನ್ನೊಂದು ಕೈ ಚಾಚಿದರು.  ಮಸಿ ಸ್ವಲ್ಪ ಹರಡಿದೆ, ಅದು ನನ್ನ ಕಣ್ಣೀರಿಗೆ, ಅತ್ತೆಯ ಕೈ ನಡುಗಲಿಲ್ಲ.

ಕೆಂಚಮ್ಮ
ಎಡಗೈ ಹೆಬ್ಬೆಟ್ಟಿನ ಗುರುತು